ಮನೆಯಲ್ಲೇ ಮಾಡಿದ ಸಿಎನ್‌ಸಿ ರೂಟರ್: ಆನ್ ಮಾಡಿ ಮಲಗಬಹುದೇ?

ಒಂದಿಷ್ಟು ಕಬ್ಬಿಣದ ಪೈಪು, ಮೂರ್ನಾಲ್ಕು ಮೋಟಾರು, ಒಂದು ಆರ್ಡುಯಿನೊ ಬೋರ್ಡು ಇದ್ದರೆ ಸಾಕು, ಸಿಎನ್‌ಸಿ ರೂಟರ್ ಸಿದ್ಧ. ರಾತ್ರಿ ಆನ್ ಮಾಡಿ ಮಲಗಿದರೆ ಬೆಳಗ್ಗೆ ದೇವರ ಕೋಣೆಯ ಬಾಗಿಲಿಗೆ ಕೆತ್ತನೆ ಮುಗಿದಿರುತ್ತದೆ! ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು, ನೋಡೋಣ.

ಮನೆಯಲ್ಲಿ ಮಾಡಲು ಸಾಧ್ಯವೇ?

ಖಂಡಿತ ಸಾಧ್ಯ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಬಿಟ್ ಅನ್ನು ಎಡಬಲಕ್ಕೆ, ಹಿಂದೆಮುಂದೆ, ಮೇಲೆಕೆಳಗೆ ಸರಿಸಿ ಮರ ಕೊರೆಯುವ ಮೇಜೇ ಸಿಎನ್‌ಸಿ ರೂಟರ್. 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ ಇಂಥ ನಿಯಂತ್ರಣದ ಯಂತ್ರವನ್ನು ತೋರಿಸಿದಾಗ, ಅದರ ನಿಯಂತ್ರಣ ಪೆಟ್ಟಿಗೆ ಯಂತ್ರಕ್ಕಿಂತ ದೊಡ್ಡದಿತ್ತು. ಇಂದು ಅಂಗೈಯಷ್ಟಿರುವ ಆರ್ಡುಯಿನೊ ಊನೊ ಬೋರ್ಡು, ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಸೇರಿ ಆ ಕೆಲಸ ಮಾಡುತ್ತವೆ.

ಲೆಕ್ಕವೂ ಸರಳ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಒಂದೊಂದು ಹೆಜ್ಜೆಯನ್ನೂ 16 ಭಾಗ ಮಾಡಿದರೆ 3,200. ಸ್ಕ್ರೂ ಸುತ್ತಿಗೆ 8 ಮಿ.ಮೀ. ಸರಿಸುವಂಥದ್ದಾದರೆ, ಒಂದು ಮಿ.ಮೀ.ಗೆ 400 ಹೆಜ್ಜೆ.

‘ಕಂಪ್ಯೂಟರ್ ನೋಡಿಕೊಳ್ಳುತ್ತದೆ’

ಇದು ತಪ್ಪು ಕಲ್ಪನೆ. ಬೋರ್ಡು ‘ಹೆಜ್ಜೆ ಹಾಕು’ ಎನ್ನುತ್ತದೆಯೇ ಹೊರತು, ಮೋಟಾರು ಹಾಕಿತೇ ಎಂದು ನೋಡುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಜ್ಜೆ ಎಣಿಸುತ್ತ ನಡೆದ ಹಾಗೆ. ಮರದ ಗಂಟಿಗೆ ಬಿಟ್ ಸಿಕ್ಕಿ ಹೆಜ್ಜೆ ತಪ್ಪಿದರೂ ಲೆಕ್ಕ ಮುಂದುವರಿಯುತ್ತದೆ. ಆಗ ಕೆತ್ತನೆ ಪಕ್ಕಕ್ಕೆ ಸರಿಯಬಹುದು, ಬಿಟ್ ಕ್ಲಾಂಪಿಗೆ ಬಡಿದು ಮುರಿಯಬಹುದು.

ಚೌಕಟ್ಟು ಗಟ್ಟಿಯಿಲ್ಲದಿದ್ದರೆ 400 ಹೆಜ್ಜೆಯ ಲೆಕ್ಕಕ್ಕೂ ಬೆಲೆಯಿಲ್ಲ. ಎರಡು ತುದಿಯಲ್ಲಷ್ಟೇ ಆಧಾರವಿರುವ ಸರಳಿನ ಉದ್ದ ಎರಡು ಪಟ್ಟಾದರೆ, ನಡುವೆ ಅದೇ ಭಾರ ಬಿದ್ದಾಗ ಅದು ಎಂಟು ಪಟ್ಟು ಬಾಗುತ್ತದೆ.

‘ನಿಧಾನವಾಗಿ ಓಡಿಸಿದರೆ ಅಪಾಯವಿಲ್ಲ’

ಯಾವಾಗಲೂ ಅಲ್ಲ. ಎರಡು ಹಲ್ಲಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತ 1,800 ಮಿ.ಮೀ. ಸಾಗಿದರೆ, ಪ್ರತಿ ಹಲ್ಲು 0.05 ಮಿ.ಮೀ. ಮರ ಕತ್ತರಿಸುತ್ತದೆ. ತಿರುಗುವ ವೇಗ ಹಾಗೇ ಇಟ್ಟು 180 ಮಿ.ಮೀ.ಗೆ ಇಳಿಸಿದರೆ ಸಿಗುವುದು 0.005 ಮಿ.ಮೀ. ಮಾತ್ರ. ಆಗ ಬಿಟ್ ಕತ್ತರಿಸುವ ಬದಲು ಉಜ್ಜತೊಡಗುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಮರ ಕಪ್ಪಾಗಿ ಹೊಗೆ. ಸಾಗುವ ವೇಗ ಇಳಿಸುವಾಗ ತಿರುಗುವ ವೇಗವನ್ನೂ ಇಳಿಸಬೇಕು.

‘ಯುಎಸ್‌ಬಿ ಕಿತ್ತರೆ ಎಲ್ಲ ನಿಲ್ಲುತ್ತದೆ’

ಹೆಚ್ಚು ಅಪಾಯದ ನಂಬಿಕೆ ಇದೇ. ಮನೆಯ ಯಂತ್ರಗಳಲ್ಲಿ ಹಲವು ಸಲ ಕೈಯಲ್ಲಿ ಹಿಡಿಯುವ ರೂಟರನ್ನೇ ಕಟ್ಟಿ, ಅದರ ಪ್ಲಗ್ಗನ್ನು ಬೇರೆ ಸಾಕೆಟ್ಟಿಗೆ ಹಾಕಿರುತ್ತಾರೆ. ಬೋರ್ಡು ಕೈಕೊಟ್ಟರೆ ಬಿಟ್ ಸಾಗುವುದು ನಿಲ್ಲುತ್ತದೆ, ತಿರುಗುವುದು ನಿಲ್ಲುವುದಿಲ್ಲ. ಒಂದೇ ಜಾಗದಲ್ಲಿ ಮರ ಉಜ್ಜುತ್ತ ನಿಂತರೆ ಕಿಡಿ ಹುಟ್ಟಬಹುದು. ಅದನ್ನು ವ್ಯಾಕ್ಯೂಮ್ ಎಳೆದುಕೊಂಡರೆ, ಪುಡಿ ತುಂಬಿದ ಚೀಲಕ್ಕೇ ಬೆಂಕಿ. ಮನೆಯವರೆಲ್ಲ ಮಲಗಿರುವಾಗ ಹೀಗಾದರೆ?

ಅದಕ್ಕೇ ಮೋಟಾರು, ರೂಟರ್ ಎರಡರ ಕರೆಂಟನ್ನೂ ಒಟ್ಟಿಗೆ ಕಡಿಯುವ ಕೆಂಪು ಎಮರ್ಜೆನ್ಸಿ ಸ್ವಿಚ್ ಕೈಗೆಟಕುವಂತಿರಬೇಕು. ಬೋರ್ಡಿನದು 5 ವೋಲ್ಟ್ ಆದರೂ ರೂಟರಿನದು 230 ವೋಲ್ಟ್. ಲೋಹದ ಚೌಕಟ್ಟಿಗೆ ಅರ್ಥಿಂಗ್ ಬೇಕೇ ಬೇಕು. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

‘ಮರದ ಪುಡಿ ತಾನೇ!’

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿಟ್ಟಿದೆ. ಒಮ್ಮೆ ಮೂಗಿಗೆ ಹೋದ ಕೂಡಲೇ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದರ್ಥ. ಎಂಡಿಎಫ್ ಹಲಗೆಯ ಪುಡಿ ಇನ್ನೂ ನಯ, ಗಾಳಿಯಲ್ಲಿ ತುಂಬ ಹೊತ್ತು ತೇಲುತ್ತದೆ. ಬಿಟ್ ಬಳಿಯೇ ಪುಡಿ ಎಳೆಯುವ ವ್ಯವಸ್ಥೆ, ಎನ್95 ಮಾಸ್ಕ್ ಎರಡೂ ಬೇಕು. ಮಲಗುವ ಕೋಣೆಯಲ್ಲಿ, ಮಕ್ಕಳಿರುವಲ್ಲಿ ಈ ಯಂತ್ರ ಬೇಡ.

ಕೊನೆಯ ಮಾತು

ಮನೆಯಲ್ಲಿ ಸಿಎನ್‌ಸಿ ಮಾಡಬಹುದು ಎಂಬುದು ನಿಜ. ಆನ್ ಮಾಡಿ ಮಲಗಬಹುದು ಎಂಬುದು ಸುಳ್ಳು. ಓಡುವಷ್ಟು ಹೊತ್ತೂ ಪಕ್ಕದಲ್ಲಿ ಒಬ್ಬರು ಎಚ್ಚರವಾಗಿರಬೇಕು. ವಿಡಿಯೋ ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನೂ ಸೇರಿಸಿಯೇ ಕಳಿಸಿ.