ಗ್ರಂಥ ಒಂದು, ಕರ್ತೃಗಳು ಮೂವರು

ಕಾವೇರಿಯಿಂದ ಗೋದಾವರಿಯವರೆಗಿನದು ಕನ್ನಡನಾಡೆಂದು ಸಾರಿದ ಗ್ರಂಥ ‘ಕವಿರಾಜಮಾರ್ಗ’. ಯಲ್ಲಾಪುರ ತಾಲೂಕಿನ ಕಿರವತ್ತಿಯೂ ಆ ಎಲ್ಲೆಯೊಳಗಿನದೇ. ಅಲ್ಲಿಯ ಮನೆಯೊಂದರಲ್ಲಿ ಅದರ ಕರ್ತೃ ಯಾರೆಂದು ಕೇಳಿದರೆ ಅಜ್ಜ ‘ನೃಪತುಂಗ’ನೆಂದಾನು, ಮೊಮ್ಮಗ ‘ಶ್ರೀವಿಜಯ’ನೆಂದಾನು.

ಈ ಮಾರ್ಪಾಡು ಒಂದು ದಿನದ್ದಲ್ಲ. ೧೮೯೮ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕೆ. ಬಿ. ಪಾಠಕರು ರಾಷ್ಟ್ರಕೂಟ ದೊರೆ ನೃಪತುಂಗನೇ ಕರ್ತೃವೆಂದರು. ೧೯೦೪ರಲ್ಲಿ ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅದನ್ನು ಅಲ್ಲಗಳೆದು, ಕವೀಶ್ವರನೆಂಬವನನ್ನು ಮುಂದಿಟ್ಟರು. ಪಾಠಕರು ಸುಮ್ಮನಿರಲಿಲ್ಲ, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರವಿತ್ತರು.

ಮುಂದಿನ ವಿದ್ವಾಂಸರು ಗ್ರಂಥವನ್ನೇ ಮತ್ತೆ ಶೋಧಿಸಿದರು. ಅದು ನೃಪತುಂಗನಿಗೆ ಸಮ್ಮತವಾದುದೆಂಬ ಮಾತು ಅಲ್ಲಿದೆ. ದೊರೆ ಮೆಚ್ಚಿದುದೆಲ್ಲ ದೊರೆ ಬರೆದುದಾಗಬೇಕಿಲ್ಲವಷ್ಟೆ! ಶ್ರೀವಿಜಯನ ಹೆಸರೂ ಅಲ್ಲಿಯೇ ಇತ್ತು. ೧೯೬೮ರಲ್ಲಿ ಎಂ. ವಿ. ಸೀತಾರಾಮಯ್ಯನವರು ಆತನ ಕೃತಿಯೆಂದೇ ಅದನ್ನು ಸಂಪಾದಿಸಿದರು.

ಫ್ಲೀಟರ ಉತ್ತರ ನಿಲ್ಲಲಿಲ್ಲ. ಅವರೆತ್ತಿದ ಪ್ರಶ್ನೆ ನಿಂತಿತು. ತಿದ್ದಲು ಬಂದವರನ್ನೂ ತಿದ್ದುವುದು, ಸೋತವರ ವಾದವನ್ನೂ ಅಚ್ಚಿನಲ್ಲಿ ಉಳಿಸುವುದು—ವಿದ್ವತ್ಪತ್ರಿಕೆಗಳ ಉಪಕಾರವೇ ಇದು. ಅಜ್ಜನು ಮೊಮ್ಮಗನಿಂದ ಹೊಸ ಹೆಸರೊಂದನ್ನು ಕಲಿತರೆ ಹಿರಿತನಕ್ಕೆ ಕುಂದೇನೂ ಇಲ್ಲ.