ಹಾಡು ಒಬ್ಬರದಲ್ಲ, ಹೆಸರು ಒಬ್ಬರದು

‘ಕೋಲುಮಂಡೆ ಜಂಗಮದೇವ’ ಎಂದೊಡನೆ ಹಲವರಿಗೆ ನೆನಪಾಗುವುದು ‘ಜನುಮದ ಜೋಡಿ’ ಚಿತ್ರ, ಆಮೇಲೆ ಎಲ್.ಎನ್. ಶಾಸ್ತ್ರಿಯವರ ಕಂಠ. ಟಿ.ಎಸ್. ನಾಗಾಭರಣ ನಿರ್ದೇಶಿಸಿ, ವಿ. ಮನೋಹರ್ ಸಂಗೀತ ನೀಡಿದ ಆ ಚಿತ್ರ ತೆರೆಗೆ ಬಂದದ್ದು 1996ರಲ್ಲಿ. ಈ ಹಾಡಿಗೆ ಶಾಸ್ತ್ರಿಯವರಿಗೆ ರಾಜ್ಯ ಸರ್ಕಾರದ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಬಂತು. ಮುಂದೆ ಅವರು ಅನೇಕ ಹಾಡು ಹಾಡಿದರು. ‘ಕನಸಲೂ ನೀನೆ ಮನಸಲೂ ನೀನೆ’ (1998) ಮುಂತಾದ ಚಿತ್ರಗಳಿಗೆ ಸಂಗೀತವನ್ನೂ ಕೊಟ್ಟರು. ಆದರೂ 2017ರ ಆಗಸ್ಟ್‌ನಲ್ಲಿ, ಐವತ್ತು ತುಂಬುವ ಮೊದಲೇ, ಕ್ಯಾನ್ಸರ್‌ನಿಂದ ಅವರು ತೀರಿಕೊಂಡಾಗ ಜನ ಮೊದಲು ನೆನೆದದ್ದು ಈ ಹಾಡನ್ನೇ.

ಆದರೆ ಹಾಡು ಸಿನಿಮಾದ್ದಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಕಂಸಾಳೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಮಲೆ ಮಾದೇಶ್ವರನ ಪದ ಅದು. ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ತಾಳ. ಎರಡನ್ನೂ ಬೀಸಿ ಬಡಿದು ಮಾದಪ್ಪನ ಕಥೆಯನ್ನು ಸಾಲು ಸಾಲಾಗಿ ರಾತ್ರಿಯಿಡೀ ಹೇಳುವವರು ಅವರು. ಇಲ್ಲಿ ‘ಸಾಲು’ ಎಂದರೆ ಒಂದು ಗೆರೆಯಲ್ಲ, ಕಥೆಯ ಒಂದು ಭಾಗ.

ಅಂಥದೊಂದು ಸಾಲು ಸಂಕಮ್ಮನದು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ, ತಾನು ಬರುವ ತನಕ ಪತಿವ್ರತೆಯಾಗಿರುತ್ತೇನೆಂದು ಆಣೆ ಇಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಆಕೆ ಒಪ್ಪುವುದಿಲ್ಲ. ಆಕೆಯನ್ನು ಹಿಂಸಿಸಿ, ಬಂಧನದಲ್ಲಿಟ್ಟು ಹೋಗುತ್ತಾನೆ. ಆಗ ಜಂಗಮನ ವೇಷದಲ್ಲಿ ಬಂದು ಆಕೆಯ ಕೈ ಹಿಡಿಯುವವನು ಮಾದೇಶ್ವರ. ಅನುಮಾನಿಸುವ ಗಂಡನ ಎದುರು ಬಾಗದ ಹೆಣ್ಣಿನ ಕಥೆ ಇದು.

ರಾತ್ರಿಯಿಡೀ ನಡೆಯುವ ಕಥನದ ಒಂದು ಪದ ಸಿನಿಮಾದಲ್ಲಿ ಕೆಲವೇ ನಿಮಿಷಕ್ಕೆ ಇಳಿಯಿತು. ಕಥೆಯ ಹಿಂದು ಮುಂದು ಬಿಟ್ಟುಹೋಯಿತು. ಅದೇ ವೇಳೆ, ಕಂಸಾಳೆಯನ್ನೇ ಕಾಣದ ಊರುಗಳಿಗೂ ಮಾದಪ್ಪನ ಪದ ತಲುಪಿತು. ಲಾಭ ನಷ್ಟ ಎರಡೂ ನಿಜ.

ನಷ್ಟ ಎಷ್ಟೆಂಬುದು 2020ರಲ್ಲಿ ಗೊತ್ತಾಯಿತು. ಗಾಯಕ ಚಂದನ್ ಶೆಟ್ಟಿ ಅದೇ ಹಾಡನ್ನು ಹೊಸ ಧಾಟಿಯಲ್ಲಿ, ವಿಡಿಯೋ ಸಹಿತ ಹೊರತಂದರು. ಶಿವಶರಣೆ ಸಂಕಮ್ಮನನ್ನು ಅಗೌರವವಾಗಿ ತೋರಿಸಲಾಗಿದೆ ಎಂದು ಮಾದಪ್ಪನ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು. ವಿಡಿಯೋ ಹಿಂದೆ ಸರಿಯಿತು. ಜನಪದ ಹಾಡಿನ ಧಾಟಿ ಬದಲಾಗುವುದು ಹೊಸದೇನಲ್ಲ, ಬಾಯಿಂದ ಬಾಯಿಗೆ ಹೋಗುವಾಗ ಅದು ಬದಲಾಗಲೇಬೇಕು. ಆದರೆ ಹಾಡಿನೊಳಗಿರುವವರು ಯಾರೆಂದು ತಿಳಿಯದೆ ಹಾಡಿದರೆ ಉಳಿಯುವುದು ಬರೀ ತಾಳ.

ಪ್ರಶಸ್ತಿ ಪತ್ರದಲ್ಲಿ ಒಂದು ಹೆಸರಿಗಷ್ಟೇ ಜಾಗ. ಶಾಸ್ತ್ರಿಯವರ ಕಂಠಕ್ಕೆ ಆ ಗೌರವ ತಕ್ಕದ್ದೇ. ಅದನ್ನು ಅವರ ತನಕ ಮುಟ್ಟಿಸಿದ ನೂರಾರು ಕೊರಳುಗಳ ಹೆಸರು ಮಾತ್ರ ಎಲ್ಲೂ ಇಲ್ಲ.

ಇದು ಮಾದಪ್ಪನ ಬೆಟ್ಟದ ಕಡೆಯ ಮಾತು ಮಾತ್ರವಲ್ಲ. ಸೂರ್ಯೋದಯ ನೋಡಲು ಸ್ಕಂದಗಿರಿ ಹತ್ತುವವರು ಬಹಳ. ಬುಡದ ಊರುಗಳ ಹಾಡು ಕೇಳುವವರು ಕಡಿಮೆ. ಚಿಕ್ಕಬಳ್ಳಾಪುರ, ಚಿಂತಾಮಣಿಯ ಸೀಮೆಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ಪದ ಬಲ್ಲ ಅಜ್ಜಿಯರಿದ್ದಾರೆ. ರಜೆಯಲ್ಲಿ ಮಕ್ಕಳು ಅವರ ಪಕ್ಕ ಕೂತು ಒಂದು ಹಾಡು ಬರೆದುಕೊಳ್ಳಲಿ. ಅದರ ಕಥೆ ಕೇಳಲಿ. ಯಾರಿಂದ ಕಲಿತದ್ದೆಂದು ವಿಚಾರಿಸಿ, ಕೆಳಗೆ ಹಾಡಿದವರ ಹೆಸರು, ಊರು, ತಾರೀಖು ಬರೆಯಲಿ. ನಾಳೆ ಆ ಹಾಡನ್ನು ಯಾರೇ ಹಾಡಿ ಹೆಸರು ಮಾಡಲಿ, ಅಜ್ಜಿಯ ಹೆಸರು ಒಂದು ನೋಟ್‌ಬುಕ್ಕಿನಲ್ಲಾದರೂ ಇರುತ್ತದೆ.