ಆಶ್ರಯ ಕೊಟ್ಟವರಿಗೇ ‘ಐಡಿ ತೋರಿಸು’ ಅಂತಿದೆ ದಕ್ಷಿಣ ಆಫ್ರಿಕಾ

ಸರ್ಕಾರಿ ಕ್ಲಿನಿಕ್‌ನ ಗೇಟಿನಲ್ಲಿ ನಿಂತು ‘ಐಡಿ ತೋರಿಸು’ ಅಂತ ರೋಗಿಗಳನ್ನು ತಡೆದವರು ಡಾಕ್ಟರೂ ಅಲ್ಲ, ಪೊಲೀಸರೂ ಅಲ್ಲ. ಅವರು ‘ಆಪರೇಷನ್ ಡುಡುಲಾ’ ಎಂಬ ಸಂಘಟನೆಯ ಕಾರ್ಯಕರ್ತರು. ಜುಲು ಭಾಷೆಯಲ್ಲಿ ಡುಡುಲಾ ಅಂದ್ರೆ ಹೊರದಬ್ಬು. 2025ರಲ್ಲಿ ದಕ್ಷಿಣ ಆಫ್ರಿಕಾದ ಹಲವು ಕಡೆ ಇದು ನಡೆಯಿತು. ನೆರೆದೇಶಗಳಿಂದ ಬಂದವರು, ಗರ್ಭಿಣಿಯರೂ ಸೇರಿ, ಚಿಕಿತ್ಸೆ ಸಿಗದೆ ವಾಪಸಾದರು. ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್ ಹೈಕೋರ್ಟ್ ಇದು ಕಾನೂನುಬಾಹಿರ ಎಂದಿತು.

ಆ ನೆರೆದೇಶಗಳಲ್ಲಿ ಒಂದು ಲೆಸೊಥೊ. ನಾಲ್ಕೂ ದಿಕ್ಕಿಗೆ ದಕ್ಷಿಣ ಆಫ್ರಿಕಾವೇ ಸುತ್ತುವರಿದಿರುವ ಪುಟ್ಟ ಬಡ ದೇಶ. 1976ರಲ್ಲಿ ಸೊವೆಟೊದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದ ಮೇಲೆ ದೇಶ ಬಿಟ್ಟು ಓಡಿದ ಹುಡುಗರಲ್ಲಿ ಅನೇಕರು ಸೇರಿದ್ದು ಇಲ್ಲಿಗೇ. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಎಎನ್‌ಸಿಯ ನಾಯಕ ಕ್ರಿಸ್ ಹಾನಿ ವರ್ಷಗಟ್ಟಲೆ ಇದ್ದದ್ದೂ ಇದರ ರಾಜಧಾನಿ ಮಸೇರುವಿನಲ್ಲೇ. ಆಗ ಲೆಸೊಥೊದ ಆಹಾರ, ಪೆಟ್ರೋಲ್, ಗಣಿ ಕೂಲಿ ಎಲ್ಲವೂ ವರ್ಣಭೇದ ಸರ್ಕಾರದ ಕೈಯಲ್ಲಿತ್ತು.

ಬೆಲೆ ತೆತ್ತದ್ದೂ ಅಷ್ಟೇ ದೊಡ್ಡದು. 1982ರ ಡಿಸೆಂಬರ್ 9ರ ರಾತ್ರಿ ದಕ್ಷಿಣ ಆಫ್ರಿಕಾದ ಸೇನೆ ಮಸೇರುವಿಗೆ ನುಗ್ಗಿ 42 ಜನರನ್ನು ಕೊಂದಿತು. ಅವರಲ್ಲಿ 12 ಮಂದಿ ಲೆಸೊಥೊದವರು. 1986ರ ಜನವರಿಯಲ್ಲಿ ಗಡಿಯನ್ನೇ ಬಂದ್ ಮಾಡಿ ಉಸಿರುಗಟ್ಟಿಸಿತು. ಅದೇ ತಿಂಗಳ 20ರಂದು ಸೇನಾ ಕ್ರಾಂತಿಯಾಗಿ ಪ್ರಧಾನಿ ಲೆಬುವಾ ಜೊನಾಥನ್ ಸರ್ಕಾರ ಬಿತ್ತು. ಜೊನಾಥನ್ ಸಂತರೇನಲ್ಲ, 1970ರಲ್ಲಿ ಚುನಾವಣೆ ಸೋಲುವುದು ಖಚಿತವಾದಾಗ ಆ ಚುನಾವಣೆಯನ್ನೇ ರದ್ದು ಮಾಡಿದವರು. ಆದರೆ ಅವರ ವಿದೇಶಾಂಗ ನೀತಿಯ ಬಿಲ್ ಕಟ್ಟಿದ್ದು ಮಸೇರುವಿನ ಸಾಮಾನ್ಯ ಜನ.

ಹಾಗಂತ ಈ ಹಳೇ ಋಣ ನೆನಪಿಸಿದರೆ ಸಾಕಾ? ಸಾಲದು. ಇವತ್ತು ಸೊವೆಟೊದಲ್ಲಿ ಕೆಲಸವಿಲ್ಲದೆ ಕೂತಿರುವ 20ರ ಹುಡುಗ ಹುಟ್ಟುವಷ್ಟರಲ್ಲಿ ಎಎನ್‌ಸಿ ಅಧಿಕಾರಕ್ಕೆ ಬಂದು ಎಷ್ಟೋ ವರ್ಷ ಆಗಿತ್ತು. ದೇಶದ ನಿರುದ್ಯೋಗ ಶೇ. 30ಕ್ಕಿಂತ ಹೆಚ್ಚು. ಅವನ ಸಿಟ್ಟು ನಿಜ, ಅದು ತಲುಪುತ್ತಿರುವ ವಿಳಾಸ ಮಾತ್ರ ತಪ್ಪು.

ಸಿಸ್ಟಮ್ ಕ್ರ್ಯಾಶ್ ಆದರೆ ಮೊದಲು ಲೋಡ್ ನೋಡೋದು ಇಂಜಿನಿಯರಿಂಗ್ ಓದಿದವರ ಚಟ. 2022ರ ಜನಗಣತಿ ಪ್ರಕಾರ ದಕ್ಷಿಣ ಆಫ್ರಿಕಾದ ಸುಮಾರು 6.2 ಕೋಟಿ ಜನರಲ್ಲಿ ಹೊರದೇಶದಲ್ಲಿ ಹುಟ್ಟಿದವರು ಸುಮಾರು 24 ಲಕ್ಷ. ಅಂದ್ರೆ ಶೇ. 4ರಷ್ಟೂ ಇಲ್ಲ. ಜೊಹಾನ್ಸ್‌ಬರ್ಗ್ ಇರುವ ಗೌಟೆಂಗ್ ಪ್ರಾಂತ್ಯದಲ್ಲಿ ಅವರ ಪ್ರಮಾಣ ಹೆಚ್ಚು, ಒಪ್ಪೋಣ. ಆದರೂ ಔಷಧಿ ಖಾಲಿಯಾಗೋದು, ನರ್ಸ್ ಹುದ್ದೆ ಭರ್ತಿಯಾಗದಿರೋದು, ಟೆಂಡರ್ ದುಡ್ಡು ಮಾಯವಾಗೋದು ವಲಸಿಗರಿಂದಲ್ಲ. ಅಷ್ಟೂ ಜನರನ್ನು ಹೊರದಬ್ಬಿದರೂ ಕ್ಲಿನಿಕ್‌ನ ಕ್ಯೂ ಅಲ್ಲೇ ಇರುತ್ತೆ.

ಈ ತಪ್ಪು ವಿಳಾಸ ಆಳುವವರಿಗೂ ಅನುಕೂಲ. 2022ರಲ್ಲಿ ಲಿಂಪೊಪೊ ಪ್ರಾಂತ್ಯದ ಆರೋಗ್ಯ ಸಚಿವೆ, ಎಎನ್‌ಸಿಯವರೇ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಜಿಂಬಾಬ್ವೆಯ ರೋಗಿಯನ್ನು ತರಾಟೆಗೆ ತೆಗೆದುಕೊಂಡ ವಿಡಿಯೋ ವೈರಲ್ ಆಗಿತ್ತು. ನೆರೆಯವರ ಮನೆಗಳಲ್ಲಿ ಬದುಕುಳಿದ ಪಕ್ಷದ ಸಚಿವೆ ಹೀಗೆ ಮಾತಾಡಿದ ಮೇಲೆ, ಗೇಟಿನಲ್ಲಿ ನಿಂತ ಹುಡುಗನನ್ನು ಯಾವ ಬಾಯಲ್ಲಿ ಬೈಯೋದು?

1996ರಲ್ಲಿ ಅಂಗೀಕಾರವಾದ ಸಂವಿಧಾನದ 27ನೇ ವಿಧಿ ಆರೋಗ್ಯ ಸೇವೆ ‘ಪ್ರತಿಯೊಬ್ಬರ’ ಹಕ್ಕು ಎನ್ನುತ್ತದೆ, ‘ಪ್ರಜೆಗಳ’ ಹಕ್ಕು ಎನ್ನುವುದಿಲ್ಲ. ಕೋರ್ಟ್ ತನ್ನ ಕೆಲಸ ಮಾಡಿದೆ. ಆ ಗೇಟನ್ನು ತೆರೆದಿಡಬೇಕಾದ್ದು ಈಗ ಸರ್ಕಾರ.